ಹೊಳಿಗೆ ಇಳಿಯೋ ದಾರಿ ಯಾರದು?



ಇವತ್ತಿನದು ಸ್ವಲ್ಪ ಉದ್ದ ಐತಿ. ರಾತ್ರಿ ಊಟ ಆದಮೇಲೆ ಪುರುಸೊತ್ತಿನಲ್ಲಿ ಓದ್ರಿ. ಮೀನು, ಹೊಳಿ, ಮೊಸಳಿ ಅಂತ ನೋಡಿ "ಇದೇನು ಇವನ ಹೊಸ ಹುಚ್ಚು" ಅಂತ ಮುಂದಕ್ಕೆ ಹೋಗಬ್ಯಾಡ್ರಿ.

ಜನವರಿ 26ರಂದು ನಮ್ಮ ಕೇರಿಯಲ್ಲಿ ಬಾಬಾಸಾಹೇಬರ ಫೋಟೋ ಇಟ್ಟು, ಧ್ವಜ ಹಾರಿಸಿ, ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸಿದ್ವಿ. ನಾನೂ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಮರುದಿನ ನಸುಕಿನಲ್ಲಿ ಫೋನು. ಚಿಕ್ಕಪ್ಪನ ಮಗ ಹೊಳಿಯೊಳಗ ಬಿದ್ದಾನ, ಲಗೂನ ಬಾ ಅಂತ. ನಾನು ಹೋಗೋ ಹೊತ್ತಿಗೆ ಅವನನ್ನ ದಂಡೆಗೆ ಎಳೆದು ಮಗ್ಗುಲಿಗೆ ಮಲಗಿಸಿದ್ದರು. ಬಾಯಿಂದ, ಮೂಗಿಂದ ಕೆಂಪು ನೀರು. ಕಾಲಿಗೆ ಅರ್ಧ ಬಲೆ ಸುತ್ತಿಕೊಂಡಿತ್ತು. ಅವನನ್ನ ಎಳೆದವರು ಅಂಬಿಗರ ಓಣಿಯ ಒಬ್ಬ ಹಿರಿಯರು. ಮಂಜಿನಾಗ ಕೂಗು ಕೇಳಿ ಹರಗೋಲು ತಿರುಗಿಸಿ, ಹುಟ್ಟು ಚಾಚಿ, "ಹಿಡಕೊಳ್ಳೋ ತಮ್ಮಾ" ಅಂದರಂತೆ. ಅಷ್ಟೇ. ಅವರು ಆ ಹೊತ್ತಿಗೆ ಅಲ್ಲಿ ಇರದಿದ್ದರೆ ನಾನು ಇವತ್ತು ಶ್ರದ್ಧಾಂಜಲಿ ಬರೀತಿದ್ದೆ.

ಹುಡುಗ ಈಗ ಹುಷಾರಾಗಿದ್ದಾನೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ. ಕೆಮ್ಮು ಇನ್ನೂ ಹೋಗಿಲ್ಲ. ಬಿಎ ಕೊನೇ ವರ್ಷ ಓದ್ತಾನೆ.

ಊರು ಕಂಪ್ಲಿಯಿಂದ ಕೆಳಗೆ, ತುಂಗಭದ್ರೆಯ ದಂಡೆ ಮೇಲೆ ಐತಿ. ಹೆಸರು ಹಾಕಲ್ಲ. ನಾನು ಇನ್ನೂ ನೌಕರಿಯಲ್ಲಿರೋ ಗುಮಾಸ್ತ, ಅವನು ಇನ್ನೂ ಅದೇ ಊರಲ್ಲಿ ಬಾಳಬೇಕು.

ಆ ದಿನ ಮಧ್ಯಾಹ್ನ ಆಸ್ಪತ್ರೆಗೆ ಬಂದ ಊರ ಹಿರೀಕರೊಬ್ಬರು ಹೇಳಿದ್ದು: "ಅಲ್ಲಿ ಬೋರ್ಡು ಹಾಕ್ಯಾರಲ್ರೀ, ಅಪಾಯ ಅಂತ. ಇವರಿಗೆ ಓದಾಕ ಬರಂಗಿಲ್ಲೇನು?" ಬಿಎ ಓದೋ ಹುಡುಗನಿಗೆ ಓದಾಕ ಬರುತ್ತಪ್ಪ. ಬೋರ್ಡು ಇರೋ ಜಾಗದಲ್ಲೇ ಅವನು ಯಾಕೆ ಇಳೀತಾನೆ ಅನ್ನೋದನ್ನ ಯಾರೂ ಕೇಳೋದಿಲ್ಲ. ನಾನು ಹೇಳಬೇಕಾಗಿರೋದು ಅದನ್ನೇ.

ನಮ್ಮೂರಿಂದ ಹೊಳಿಗೆ ಇಳಿಯಾಕ ನಾಲ್ಕು ದಾರಿ ಅದಾವು.

ಒಂದು, ಗುಡಿ ಮುಂದಿನ ಮೆಟ್ಟಿಲು. ಕಲ್ಲಿನ ಮೆಟ್ಟಿಲು, ಕೈಹಿಡಿ ಕಂಬಿ, ಲೈಟು ಎಲ್ಲಾ ಐತಿ. ನೀರು ಎಷ್ಟೇ ಇಳಿದರೂ ಕಾಲಿಗೆ ಗಟ್ಟಿ ನೆಲ ಸಿಗುತ್ತೆ. ಅಲ್ಲಿ ನಮಗೆ ಬರಬ್ಯಾಡ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಈಗ ಕಾಲ ಬದಲಾಗೈತಿ ನೋಡ್ರಿ. ಆದರೆ ಬಲೆ ಹೆಗಲಿಗೆ ಹಾಕಿಕೊಂಡು ಬಂದರೆ "ದೇವರ ಮುಂದ ಮೀನ ಹಿಡೀತೀರೇನಲೇ" ಅಂತ ಮಾತು ಬರುತ್ತೆ. ಅದೇ ಮೆಟ್ಟಿಲ ಮೇಲೆ ಊರ ಹುಡುಗರು ಗಾಳ ಹಾಕಿಕೊಂಡು ಕೂತಿರೋದನ್ನ ನನ್ನ ಮೊಬೈಲ್‌ನಲ್ಲಿ ಹಿಡಿದಿದ್ದೀನಿ. ಅವರ ಗಾಳದ ಮೀನಿಗೆ ಮೈಲಿಗೆ ಇಲ್ಲ.

ಎರಡನೇದು ಅಂಬಿಗರ ಹರಗೋಲು ಕಟ್ಟೋ ಜಾಗ. ಅದು ಅವರ ದುಡಿಮೆಯ ಜಾಗ. ನಾವು ಅಲ್ಲಿ ಹೋಗಿ ಜಗಳ ಮಾಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅವರೂ ಬಡವರೇ. ಯಾರೋ ದುಡ್ಡು ಹಾಕಿದವನ ಬಲೆ, ಯಾರೋ ಹಾಕಿದ ರೇಟು, ಅವರಿಗೆ ಉಳಿಯೋದು ಕೂಲಿ.

ಮೂರನೇದು ಹಳೇ ಬಂಡಿದಾರಿ. ನಮ್ಮ ಕೇರಿಯ ಹಿಂದಿನಿಂದ ನೇರ ಹೊಳಿಗೆ ಹೋಗುತ್ತೆ, ಅಲ್ಲ, ಹೋಗ್ತಿತ್ತು. ನಮ್ಮಜ್ಜ ಚರ್ಮ ತೊಳೆಯಾಕ, ನಮ್ಮವ್ವ ಬಟ್ಟೆ ಒಗೆಯಾಕ, ನಾನು ಸಣ್ಣಾವಿದ್ದಾಗ ಎಮ್ಮೆ ಮೈ ತೊಳೆಯಾಕ ಹೋದ ದಾರಿ. ಅದು ಇಳಿಯೋ ಕಡೆ ಹಾಸುಬಂಡೆ ಐತಿ, ಮೊಣಕಾಲುದ್ದದ ನೀರು, ದೂರದ ತನಕ ತಳ ಕಾಣಿಸುತ್ತೆ. ಈಗ ಆ ದಾರಿಗೆ ಒಬ್ಬ ಜಮೀನ್ದಾರರು ಕಬ್ಬಿಣದ ಗೇಟು ಹಾಕಿ ಬೀಗ ಜಡಿದಾರೆ. ಒಳಗೆ ಅವರ ಪಂಪ್‌ಹೌಸ್. "ಕೇಬಲ್ ಕಳುವಾಗ್ತೈತಿ" ಅಂತ ಕಾರಣ. ಕಳ್ಳರು ಯಾರು ಅಂತ ಹೆಸರು ಹೇಳೋದಿಲ್ಲ, ಆದರೆ ಗೇಟು ಬಿದ್ದಿರೋದು ನಮ್ಮ ಕೇರಿಯ ಕಡೆಗೆ.

ನಾಲ್ಕನೇದು ಮರಳು ಟ್ರ್ಯಾಕ್ಟರು, ಟಿಪ್ಪರು ಓಡಾಡಿ ಮಾಡಿದ ದಾರಿ. ಅದಕ್ಕೆ ಗೇಟಿಲ್ಲ, ಬೀಗ ಇಲ್ಲ, ದೇವರೂ ಇಲ್ಲ. ನಮ್ಮವರು ಇಳಿಯೋದು ಅಲ್ಲಿ. ಅಪಾಯದ ಬೋರ್ಡು ಇರೋದೂ ಅಲ್ಲೇ.

ಮರಳು ತೆಗೆದ ಹೊಳಿ ಹೆಂಗಿರುತ್ತೆ ಅಂತ ಪಟ್ಟಣದ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ಹೊಳಿ ತಾನಾಗಿ ಮಾಡಿಕೊಂಡ ತಳ ಇಳಿಜಾರಾಗಿರುತ್ತೆ. ಪಾದ, ಮೊಣಕಾಲು, ತೊಡೆ, ಸೊಂಟ ಅಂತ ನೀರು ಏರುತ್ತಾ ಹೋಗುತ್ತೆ, ನಿನಗೆ ಹಿಂದಕ್ಕೆ ಬರೋಕೆ ಅವಕಾಶ ಕೊಡುತ್ತೆ. ಜೆಸಿಬಿ ತೋಡಿದ ಗುಂಡಿಗೆ ಇಳಿಜಾರು ಇಲ್ಲ, ಗೋಡೆ ಇರುತ್ತೆ. ಇಲ್ಲಿ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ಎರಡಾಳುದ್ದ. ಮಳೆಗಾಲದಲ್ಲಿ ಅದರ ಮೇಲೆ ನೀರು ಹರಿದು, ರಾಡಿ ಕೂತು, ಮೇಲಿಂದ ನೋಡಿದರೆ ಎಲ್ಲಾ ಒಂದೇ ಸಮ. ಈಜು ಬಂದವನೂ ಸಾಯೋದು ಯಾಕೆಂದರೆ, ಅಂಚು ಹಿಡಿದು ಮೇಲೆ ಬರಾಕ ನೋಡಿದರೆ ಅಂಚೇ ಕುಸಿದು ಅವನ ಮೇಲೆ ಬೀಳುತ್ತೆ. ನಮ್ಮ ಹುಡುಗನಿಗೆ ಆದದ್ದೂ ಇದೇ. ಅವನು ಚೆಂದ ಈಜ್ತಾನೆ. ಮೂರು ಸಲ ಅಂಚು ಹಿಡಿದನಂತೆ, ಮೂರು ಸಲವೂ ಕೈಯಾಗ ಬರೀ ಮರಳು.

ಕೇಂದ್ರ ಪರಿಸರ ಸಚಿವಾಲಯದ 2016ರ ಮರಳು ಗಣಿಗಾರಿಕೆ ಮಾರ್ಗಸೂಚಿ ಐತಿ. 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟೇ ಆಳ ತೆಗೀಬೇಕು ಅಂತ ಅದರಲ್ಲಿ ಬರೆದೈತಿ. ನೀರಿನ ಮಟ್ಟದ ಕೆಳಗೆ ತೋಡೋ ಹಾಗೇ ಇಲ್ಲ ಅಂತಾಯ್ತು. ನಮ್ಮೂರಲ್ಲಿ ಗುಂಡಿ ಇರೋದೇ ನೀರಿನ ಕೆಳಗೆ.

ಇನ್ನು "ಈ ಚಳಿಯಾಗ ಯಾಕ ಹೋಗಬೇಕಿತ್ತು" ಅಂತ ಕೇಳಿದವರಿಗೆ. ಚಳಿಗಾಲದ ಕೊನೆಗೇ ಹೋಗಬೇಕು, ಅದೇ ಸುಗ್ಗಿ. ಮಳೆಗಾಲದಲ್ಲಿ ಡ್ಯಾಮಿಂದ ಲಕ್ಷ ಕ್ಯೂಸೆಕ್ ಬಂದರೆ ಕಂಪ್ಲಿ ಸೇತುವೆಯೇ ಮುಳುಗುತ್ತೆ, ಆಗ ಹೊಳಿ ಹತ್ತಿರ ಹೋಗೋ ಮಾತೇ ಇಲ್ಲ. ಸಂಕ್ರಾಂತಿಯಿಂದ ಶಿವರಾತ್ರಿ ತನಕ ನೀರು ಇಳಿದು, ಮೀನೆಲ್ಲಾ ಮಡುವುಗಳಿಗೆ ಸೇರಿಕೊಳ್ತಾವೆ. ಕಟ್ಲಾ, ರೋಹು, ಜಿಲೇಬಿ, ಅದೃಷ್ಟ ಇದ್ದರೆ ಒಂದು ದೊಡ್ಡ ಬಾಳೆಮೀನು. ಎರಡನೇ ಬೆಳೆಯ ಭತ್ತದ ನಾಟಿ ಮುಗಿದು, ಕಳೆ ಕೆಲಸ ಇನ್ನೂ ಶುರು ಆಗದ ಆ ಎರಡು-ಮೂರು ವಾರ ಕೇರಿಯಲ್ಲಿ ಯಾರಿಗೂ ಕೂಲಿ ಇರೋದಿಲ್ಲ. ಹುಡುಗನಿಗೆ ಪರೀಕ್ಷೆ ಫೀಸು ಕಟ್ಟೋದಿತ್ತು. ಅವ್ವನ್ನ ಕೇಳಾಕ ಮನಸ್ಸು ಬರಲಿಲ್ಲವಂತೆ. ನನ್ನನ್ನ ಕೇಳಬಹುದಿತ್ತು ಅಂತ ನಾನು ಬೈದೆ. "ನಿಂದೂ ಸಾಲ ಐತೆಲ್ಲಣ್ಣ" ಅಂದ. ಏನು ಹೇಳೋದು?

ನಸುಕಿನಲ್ಲೇ ಹೋಗೋದು ಯಾಕೆ ಅಂದರೆ ಬೆಳಕಾದ ಮೇಲೆ ಮರಳಿನವರು ಬರ್ತಾರೆ, ಬೈತಾರೆ, ಬಲೆ ಕಿತ್ತು ಒಗೀತಾರೆ. ಅಂದರೆ ಕತ್ತಲೂ ಅವನು ಆರಿಸಿಕೊಂಡದ್ದಲ್ಲ.

ನಮ್ಮ ಕೆಲವು ಕಾಮ್ರೇಡುಗಳು ಫೋನ್ ಮಾಡಿ, "ಮೀನು ಹಿಡಿಯೋದನ್ನೇ ಬಿಡಿಸ್ರಿ, ಓದಿಸ್ರಿ, ಇದೆಲ್ಲಾ ನಮ್ಮ ಅಜೆಂಡಾ ಅಲ್ಲ" ಅಂದರು. ಅವರ ಕಾಳಜಿ ನನಗೆ ಅರ್ಥ ಆಗುತ್ತೆ. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನಲ್ಲಿ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ ಅಂತ ನಾವೇ ವೇದಿಕೆ ಮೇಲೆ ಹೇಳ್ತೀವಿ. ಕೆರೆಗೆ ಇಳಿಯೋ ಹಕ್ಕಿನ ಬಗ್ಗೆ ವರ್ಷಾ ವರ್ಷ ಭಾಷಣ ಮಾಡೋ ನಾವು, ಹೊಳಿಗೆ ಇಳಿಯೋ ದಾರಿಗೆ ಬೀಗ ಬಿದ್ದಾಗ ಅದನ್ನ ಸಣ್ಣ ವಿಷಯ ಅಂದುಕೊಂಡ್ವಿ. ನಾನೂ ಅಂದುಕೊಂಡಿದ್ದೆ. ಆ ಗೇಟು ಬಿದ್ದು ಎಷ್ಟು ವರ್ಷ ಆಯ್ತು, ನಾನು ಒಂದು ಅರ್ಜಿ ಬರೀಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಗೇಟು ನೋಡಿ, ಸುತ್ತು ಹೊಡೆದು ಬಂದಿದ್ದೀನಿ.

ಕಾನೂನು ಏನು ಹೇಳುತ್ತೆ ನೋಡ್ರಿ. ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಐತಿ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಮು ಇನ್ನೂ ಮುಂದೆ ಹೋಗಿ ನದಿ, ಹಳ್ಳ ಅಂತ ಹೆಸರಿಟ್ಟು ಹೇಳುತ್ತೆ: ಅಸ್ಪೃಶ್ಯತೆಯ ಕಾರಣಕ್ಕೆ ಅದನ್ನ ಬಳಸೋದನ್ನ ಮಾತ್ರ ಅಲ್ಲ, ಅಲ್ಲಿಗೆ ಹೋಗೋದನ್ನ ತಡೆಯೋದೂ ಅಪರಾಧ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲೂ ನದಿ, ಕೆರೆ, ಸ್ನಾನಘಟ್ಟ, ಸಾರ್ವಜನಿಕ ದಾರಿ ಎಲ್ಲಾ ಬಂದಾವು. ಆ ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಗೇಟು ಹಾಕಿದವರು "ನಾನು ಜಾತಿ ನೋಡಿ ಹಾಕಿಲ್ಲ, ಎಲ್ಲರಿಗೂ ಬೀಗ" ಅಂತಾರೆ. ಇರಬಹುದು. ಆದರೆ ಉಳಿದ ಓಣಿಗಳಿಗೆ ಬೇರೆ ಮೂರು ದಾರಿ ಅದಾವು, ನಮಗೆ ಇದ್ದದ್ದು ಅದೊಂದು. ಇದನ್ನ ಕೋರ್ಟಿನಲ್ಲಿ ಸಾಬೀತು ಮಾಡೋದು ಸುಲಭ ಅಲ್ಲ ಅಂತ ವಕೀಲ ಮಿತ್ರರು ಹೇಳ್ಯಾರೆ. ಅದಕ್ಕೇ ಮೊದಲು ಗ್ರಾಮ ನಕಾಶೆ ಹಿಡಿಯೋಣ ಅಂತ ನಾನು ಹೇಳೋದು. ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದು ಸಾರ್ವಜನಿಕರದು. ಜಾತಿಯ ಮಾತು ಎತ್ತೋ ಮೊದಲೇ ಗೇಟು ಬರಬೇಕು. ನಕಲು ತೆಗೆಸಿದ್ದೀನಿ. ಅದರಲ್ಲಿ ಜೋಡಿ ಚುಕ್ಕಿಗೆರೆ ಹೊಳಿಯ ತನಕ ಐತಿ.

ಈಗ ಹೇಳಾಕ ಕಷ್ಟ ಆಗೋ ಮಾತು.

ಎಂಟು ವರ್ಷದ ಹಿಂದೆ ಅದೇ ಗುಂಡಿಯ ಸಾಲಿನಲ್ಲಿ ನಮ್ಮ ಕೇರಿಯ ಒಬ್ಬರು ಸತ್ತರು. ನಾನು ಅವರನ್ನ ಮಾವ ಅಂತ ಕರೀತಿದ್ದೆ. ನನಗೆ ಈಜು ಕಲಿಸಿದವರು ಅವರೇ. ಬಲೆ ಎಳೀತಾ ಹಿಂದಕ್ಕೆ ಹೆಜ್ಜೆ ಇಟ್ಟವರು ಹೋಗೇಬಿಟ್ಟರು, ಮರುದಿನ ಸಿಕ್ಕರು. ಪೊಲೀಸರು ಯುಡಿಆರ್ ಮಾಡಿದರು, ಅಸಹಜ ಸಾವು. ಅವರ ಹೆಂಡತಿ, ನಮ್ಮತ್ತಿ, ಪರಿಹಾರಕ್ಕೆ ಅರ್ಜಿ ಕೊಟ್ಟರು. ಅರ್ಜಿ ತಿರುಗಿ ತಿರುಗಿ ನಾನು ಕೆಲಸ ಮಾಡ್ತಿದ್ದ ಆಫೀಸಿಗೇ ಬಂತು. ಮೃತರು ಮೀನುಗಾರರ ಸಂಘದ ಸದಸ್ಯರಲ್ಲ, ಪರವಾನಗಿ ಇರಲಿಲ್ಲ, ನಿಷೇಧಿತ ಸ್ಥಳದಲ್ಲಿ ಇಳಿದಿದ್ದಾರೆ, ಸ್ವಂತ ನಿರ್ಲಕ್ಷ್ಯ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ. ಮೇಲಿನವರು ಹೇಳಿದರು, ನಾನು ಟೈಪ್ ಮಾಡಿದೆ. "ಸ್ವಂತ ನಿರ್ಲಕ್ಷ್ಯ" ಅನ್ನೋ ಎರಡು ಪದ ನನ್ನ ಬೆರಳಿಂದ ಬಂದದ್ದು. ಅತ್ತಿಗೆ ಓದಾಕ ಬರಲ್ಲ. ಕಾಗದ ಹಿಡಕೊಂಡು ನನ್ನ ಹತ್ತಿರಾನೇ ಬಂದು, "ಏನು ಬರದಾರಪಾ ಇದರಾಗ?" ಅಂತ ಕೇಳಿದರು. "ಆಗಂಗಿಲ್ಲ ಅಂತ ಬರದಾರ" ಅಂದೆ. ಯಾಕೆ ಆಗಂಗಿಲ್ಲ ಅನ್ನೋದನ್ನ ಹೇಳಲಿಲ್ಲ. ಬರೆದವ ನಾನೇ ಅನ್ನೋದನ್ನೂ ಹೇಳಲಿಲ್ಲ.

ನಾನು ಸಣ್ಣ ನೌಕರ, ಬರೀ ಅನ್ನಲಿಲ್ಲ ಅಂದರೆ ಬೇರೆಯವನು ಟೈಪ್ ಮಾಡ್ತಿದ್ದ ಅಂತ ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಮೊನ್ನೆ ಹುಡುಗ ನೀರು ಕಕ್ಕೋದು ನೋಡಿದಾಗ ಆ ಸಮಾಧಾನ ಉಳಿಯಲಿಲ್ಲ. ಹೋದ ಭಾನುವಾರ ಅತ್ತಿ ಮನೆಗೆ ಹೋಗಿ ಹೇಳಿಬಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಾ ಕುಡಿ" ಅಂದರು.

ಸಂಘದ ಸದಸ್ಯತ್ವದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಮೀನು ಹಿಡಿಯೋದು ಇಂಥ ಜಾತಿಯ ಕಸುಬು ಅಂತ ಆಫೀಸುಗಳ ತಲೆಯಲ್ಲಿ ಕೂತುಬಿಟ್ಟೈತಿ. ಮಾದಿಗರು ಹೊಳಿಗೆ ಯಾಕೆ ಬಂದರು ಅಂತ ಕೇಳ್ತಾರೆ. ಹೊಳಿಗೂ ನಮಗೂ ಸಂಬಂಧ ಇಲ್ಲವಂತೆ! ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇದೇ ತುಂಗಭದ್ರೆ ದಾಟಿಸ್ತಿದ್ದ ದುಂಡನೆಯ ಹರಗೋಲುಗಳ ಬಗ್ಗೆ ಬರೆದಾನೆ. ಒಳಗೆ ಹೆಣೆದ ಬೆತ್ತ, ಹೊರಗೆ ಚರ್ಮ. ಆ ಚರ್ಮ ಸುಲಿದವರು, ಹದ ಮಾಡಿದವರು, ನೀರು ಒಂದು ಹನಿ ಒಳಗೆ ಬರದ ಹಾಗೆ ಹೊಲಿದವರು ಯಾರು? ನಮ್ಮಜ್ಜನ ಕಾಲದ ತನಕ ನಮ್ಮ ಮನೆಯಲ್ಲಿ ಆ ಕೆಲಸ ಇತ್ತು. ಹರಗೋಲಿಗೆ ಎಮ್ಮೆ ಚರ್ಮ ಕಟ್ಟಿಕೊಟ್ಟು ಜೋಳ ತರ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ, ಡಾಂಬರು, ಫೈಬರ್ ಬಂದಾವು. ಕಸುಬು ಹೋಯ್ತು, ಹೋಗಲಿ, ನನಗೆ ಅದರ ಮೇಲೆ ಪ್ರೀತಿ ಏನಿಲ್ಲ. ಹೊಳಿ ನಿಮ್ಮದಲ್ಲ ಅಂತ ಹೇಳೋರಿಗೆ ಮಾತ್ರ ಇದನ್ನ ನೆನಪು ಮಾಡ್ತೀನಿ.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಜಾತಿ ಕೇಳೋದಿಲ್ಲ, ಕಸುಬು ಕೇಳ್ತಾರೆ. 18ರಿಂದ 70 ವರ್ಷದವರಿಗೆ. ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 5 ಲಕ್ಷ, ಭಾಗಶಃ ಆದರೆ ಎರಡೂವರೆ ಲಕ್ಷ, ಆಸ್ಪತ್ರೆಗೆ 25 ಸಾವಿರ. ಕಂತು ಪೂರ್ತಿ ಸರ್ಕಾರದ್ದೇ. ಅದೇ ಯೋಜನೆಯಲ್ಲಿ ಬಲೆ, ದೋಣಿಯಂಥವಕ್ಕೆ ಪರಿಶಿಷ್ಟರಿಗೆ ಮತ್ತು ಹೆಣ್ಣುಮಕ್ಕಳಿಗೆ ಶೇ 60 ಸಹಾಯಧನ, ಉಳಿದವರಿಗೆ ಶೇ 40. ನಮ್ಮ ಕೇರಿಯಲ್ಲಿ ಚಳಿಗಾಲದಾಗ ಹೊಳಿಗೆ ಹೋಗೋರು ಹದಿನೇಳು ಮಂದಿ. ವಿಮೆ ಇದ್ದವರು ಸೊನ್ನೆ. ಹೆಸರು ನೋಂದಾಯಿಸಿದವರೇ ಇಲ್ಲ, ಯಾಕೆಂದರೆ ಹಿಂಗೊಂದು ಐತಿ ಅಂತ ಬಂದು ಹೇಳಿದವರಿಲ್ಲ. ದಿನಾ ಫೈಲು ನೋಡೋ ನಾನೇ ಹೇಳಿರಲಿಲ್ಲ. ಸತ್ತ ಮೇಲೆ ಅರ್ಜಿ ಬರೆಯೋದರಲ್ಲಿ ನಾವೆಲ್ಲಾ ಹುಷಾರು.

ಸರಿ. ದಾರಿ ಸಿಗೋ ತನಕ ಹುಡುಗರು ಹೊಳಿಗೆ ಹೋಗೋದು ನಿಲ್ಲಲ್ಲ. ಹೋಗಬ್ಯಾಡ್ರಿ ಅಂತ ಉಪದೇಶ ಮಾಡೋ ಮುಖ ನನಗಿಲ್ಲ. ಅದಕ್ಕೆ ನಮ್ಮನ್ನ ಕಾಪಾಡಿದ ಆ ಅಂಬಿಗರ ಹಿರಿಯರ ಹತ್ತಿರ ಒಂದು ಸಂಜೆ ಕೂತು ಕೇಳಿಕೊಂಡು ಬಂದದ್ದನ್ನ ಇಲ್ಲಿ ಬರೀತಿದ್ದೀನಿ. ಹೊಳಿ ದಂಡೆಯ ಊರಿನ ಗೆಳೆಯರು ತಮ್ಮ ಕೇರಿಯ ಗ್ರೂಪಿಗೆ ಕಳಿಸ್ರಿ.

ಒಬ್ಬನೇ ಹೋಗಬ್ಯಾಡ. ಇಬ್ಬರು ಹೋದರೆ ಒಬ್ಬ ದಂಡೆ ಮೇಲೇ ಇರಲಿ. ಆಳುದ್ದ ಬಿದಿರಿನ ಗಳ ಕೈಯಲ್ಲಿ ಇಲ್ಲದೆ ನೀರಿಗೆ ಕಾಲಿಡಬ್ಯಾಡ, ಮೊದಲು ಗಳ, ಆಮೇಲೆ ಕಾಲು. ಮರಳು ತೆಗೆದ ಕಡೆ ಹಿಂದಕ್ಕೆ ಹೆಜ್ಜೆ ಇಟ್ಟು ಬಲೆ ಎಳೆಯೋದಂತೂ ಬ್ಯಾಡವೇ ಬ್ಯಾಡ, ಮಾವ ಹೋದದ್ದು ಹಂಗೇ. ಬಲೆಯ ಹಗ್ಗ ಕೈಗೋ ಸೊಂಟಕ್ಕೋ ಬಿಗಿದು ಕಟ್ಟಿಕೊಳ್ಳಬ್ಯಾಡ. ಬೂಚು ಬಿಗಿಯಾದ ಖಾಲಿ ಎಣ್ಣೆ ಕ್ಯಾನು ಒಂದು ಹಗ್ಗಕ್ಕೆ ಕಟ್ಟಿ ದಂಡೆ ಮೇಲೆ ಇಡು. ಯಾರಾದರೂ ಬಿದ್ದರೆ ಹಾರಬ್ಯಾಡ, ಕ್ಯಾನು ಎಸಿ. ಹಗ್ಗ ಇಲ್ಲ ಅಂದರೆ ಲುಂಗಿ ಬಿಚ್ಚಿ ಎಸಿ, ಮಾನ ಆಮೇಲೆ. ಒಬ್ಬನನ್ನ ಉಳಿಸಾಕ ಹೋಗಿ ಇಬ್ಬರು ಹೋಗೋ ಸುದ್ದಿ ಪ್ರತಿ ಬೇಸಿಗೆ ಪೇಪರಿನಲ್ಲಿ ಓದ್ತೀವಲ್ಲ.

ಡ್ಯಾಮಿನ ನೀರಿನ ವಿಷಯ. ಮಳೆಗಾಲದಾಗ ನೀರು ಬಿಡೋ ಮೊದಲು ಮೈಕು ಹಚ್ಚಿಕೊಂಡು ಜೀಪು ಬರುತ್ತೆ, ಡಂಗುರ ಸಾರ್ತಾರೆ. ಚಳಿಗಾಲದಾಗ ಕೆಳಗಿನ ರಾಜೋಳಿಬಂಡಾಕ್ಕೆ, ಆಂಧ್ರದ ಕೆ.ಸಿ. ಕಾಲುವೆಗೆ ಅಂತ ಹೊಳಿಗೆ ನೀರು ಬಿಡ್ತಾರೆ. ಪ್ರವಾಹದ ಲೆಕ್ಕದಲ್ಲಿ ಅದು ಏನೂ ಅಲ್ಲ, ಅದಕ್ಕೆ ಯಾವ ಡಂಗುರವೂ ಇಲ್ಲ. ಆದರೆ ಒಂದೇ ಸೆಳವಾಗಿ ಹರಿಯೋ ಹೊಳಿಯಲ್ಲಿ, ನಡುಗಡ್ಡೆ ಮೇಲೆ ಬಲೆ ಬಿಡಿಸಿಕೊಂಡು ಕೂತವನಿಗೆ ಆ ನೀರೇ ಸಾಕು. ಹೋಗುವಾಗ ಮೊಣಕಾಲು, ಬರುವಾಗ ಎದೆ. ಹಿರಿಯರು ಹೇಳಿದ ಗುರುತು: ನೀರಂಚಿನಲ್ಲಿ ಒಂದು ಕಡ್ಡಿ ನೆಡು. ಕಡ್ಡಿ ಮುಳುಗಾಕ ಹತ್ತಿತು ಅಂದರೆ ಬಲೆ ಬಿಟ್ಟಾದರೂ ದಂಡೆಗೆ ಬಾ. ತುಂಗಭದ್ರಾ ಮಂಡಳಿಯ ದಿನದ ಒಳಹರಿವು, ಹೊರಹರಿವಿನ ಲೆಕ್ಕ ರೈತರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತೆ. ಅದು ಕಾಲುವೆ ರೈತರ ಮೊಬೈಲಿಗೆ ಬರುತ್ತೆ, ಕೇರಿಗೆ ಬರಲ್ಲ. ನಮ್ಮ ಹುಡುಗರನ್ನ ಆ ಗ್ರೂಪಿಗೆ ಸೇರಿಸೋದಕ್ಕೆ ಖರ್ಚು ಏನಾದರೂ ಐತೇನು?

ಮೊಸಳಿ. ಚಳಿಗಾಲದಾಗ ಅದು ಬಿಸಿಲು ಕಾಯಿಸಾಕ ದಂಡೆಗೆ ಬರುತ್ತೆ. ಕಂಡರೆ ಒಳ್ಳೇದು, ಎಲ್ಲಿದೆ ಅಂತ ಗೊತ್ತಾಯ್ತಲ್ಲ. ಕಾಣದ್ದೇ ಅಪಾಯ. ನಸುಕು ಮತ್ತು ಮುಚ್ಚಂಜೆ ಅದರ ಬೇಟೆಯ ಹೊತ್ತು, ಅದರ ಮೇಲೆ ಮಂಜು ಬೇರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಮರಳು ದಿಬ್ಬದಾಗ ತೋಡಿ ಮೊಟ್ಟೆ ಇಡುತ್ತೆ, ಆಗ ಹತ್ತಿರ ಹೋದವರ ಮೇಲೆ ಸಿಟ್ಟು ಜಾಸ್ತಿ. ಮರಳಿನ ಮೇಲೆ ಬಾಲ ಎಳೆದ ಗುರುತು ಇದ್ದರೆ ಆ ದಿಬ್ಬಕ್ಕೆ ಹರಗೋಲು ಹಚ್ಚಬ್ಯಾಡ. ಹಿಡಿದ ಮೀನಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ನೀರಿನಾಗ ನಿಲ್ಲೋದು, ನೀರಂಚಿಗೆ ಕೂತು ಮೀನು ಹೆಚ್ಚಿ ಕರುಳು ನೀರಿಗೆ ಒಗೆಯೋದು, ದಿನಾ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಇಳಿಯೋದು, ಇವು ಮೂರೂ ಮೊಸಳಿಗೆ ಕರೆ ಕಳಿಸಿದ ಹಾಗೆ. ನಮ್ಮ ಹೆಣ್ಣುಮಕ್ಕಳು ದಿನಾ ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೀತಾರೆ, ಅವರಿಗೂ ಹೇಳ್ರಿ. ಮೊಸಳಿ ಕೊಲ್ಲೋ ಮಾತು ಬ್ಯಾಡ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ ಅದು, ಕೇಸಾದರೆ ಜೈಲಿಗೆ ಹೋಗೋನು ಕೇರಿಯ ಹುಡುಗನೇ.

ಇನ್ನೊಂದು. ಪಂಪಿನ ಲೈನಿಂದ ವೈರು ಎಳೆದು ನೀರಿಗೆ ಕರೆಂಟು ಕೊಟ್ಟು ಮೀನು ಹಿಡಿಯೋದು, ಸಿಡಿಮದ್ದು ಒಗೆಯೋದು. ನಮ್ಮ ಹುಡುಗರೂ ಮಾಡ್ತಾರೆ, ಮುಚ್ಚಿಡೋದು ಯಾಕೆ? ಕೈ ಹಾರಿಹೋದವರನ್ನ ನೋಡಿದ್ದೀನಿ. ಅದು ಅಪರಾಧ, ಮೇಲಾಗಿ ಮರಿ ಮೊಟ್ಟೆ ಎಲ್ಲಾ ಸತ್ತು ಮುಂದಿನ ವರ್ಷ ಅಂಬಿಗರಿಗೂ ಇಲ್ಲ, ನಮಗೂ ಇಲ್ಲ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿಯನ್ನ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡ್ಯಾರೆ. ನೀರುನಾಯಿಗೆ ಅಷ್ಟು ಉದ್ದದ ಹೊಳಿ ಸಿಕ್ಕಿದ್ದು ಒಳ್ಳೇದೇ ಆಯ್ತು, ನನ್ನ ತಕರಾರಿಲ್ಲ. ಮನುಷ್ಯರಿಗೆ ಇಳಿಯಾಕ ಹತ್ತು ಅಡಿ ಅಗಲದ ದಾರಿ ಕೇಳ್ತಿದ್ದೀವಿ. ಹೊಳಿ ದಂಡೆ ಮೇಲೆ ಕುಡಿದು ನೀರಿಗೆ ಇಳಿಯೋರ ಬಗ್ಗೆ ಏನೂ ಬರೆಯಲ್ಲ, ಅವರಿಗೆ ಎದುರಿಗೇ ಬೈತೀನಿ.

ಇಷ್ಟೆಲ್ಲಾ ಕೇಳಿ ಆ ಹಿರಿಯರು ಒಂದು ಮಾತು ಹೇಳಿದರು. "ಗಳ, ಹಗ್ಗ, ಕ್ಯಾನು ಎಲ್ಲಾ ಸರಿ ತಮ್ಮಾ. ನಿಮ್ಮ ಹಳೇ ದಾರಿಯಾಗ ಇಳದ್ರ ಇವು ಯಾವೂ ಬೇಕಾಗಂಗಿಲ್ಲ. ಅಲ್ಲಿ ತಳಾ ಕಾಣಸ್ತೈತಿ." ಅವರಿಗೆ ಆ ದಾರಿ ಗೊತ್ತು. ಅವರ ಅಪ್ಪ ನಮ್ಮಜ್ಜನ ಹತ್ತಿರ ಹರಗೋಲು ಚರ್ಮಕ್ಕೆ ಅದೇ ದಾರಿಯಿಂದ ಬರ್ತಿದ್ದರಂತೆ. ಬೇಕಾದರೆ ಸರ್ವೆ ಮುಂದೆ ಬಂದು ಸಾಕ್ಷಿ ಹೇಳ್ತೀನಿ ಅಂದಾರೆ. ಅವರ ಓಣಿಯಲ್ಲಿ ಇದಕ್ಕೆ ಮುನಿಸಿಕೊಳ್ಳೋರೂ ಇರ್ತಾರೆ, ಆದರೂ ಅಂದಾರೆ.

ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೇರಿಯ ಬೇವಿನಮರದ ಹತ್ತಿರ ಸೇರ್ತಿದ್ದೀವಿ. ನಕಾಶೆಯ ನಕಲು ನನ್ನ ಹತ್ತಿರ ಐತಿ. ಬಂಡಿದಾರಿ ಎಲ್ಲಿಂದ ಎಲ್ಲಿಗೆ ಅಂತ ನಾವೇ ಮೊದಲು ಟೇಪು ಹಿಡಿದು ಅಳೆದು, ಫೋಟೋ ತೆಗೆದು, ಸೋಮವಾರ ತಹಶೀಲ್ದಾರರಿಗೆ ಅಳತೆ ಮಾಡಿ ತೆರವು ಮಾಡಿಸಿ ಅಂತ ಅರ್ಜಿ ಕೊಡ್ತೀವಿ. ಗೇಟು ಮುಟ್ಟೋದಿಲ್ಲ, ಬೀಗ ಒಡೆಯೋದಿಲ್ಲ, ಯಾರೂ ದುಡುಕಬ್ಯಾಡ್ರಿ, ಕೇಸು ಮಾಡಾಕ ಅವರು ಕಾಯ್ತಿರ್ತಾರೆ. ಅಲ್ಲೇ ಕೂತು ಹದಿನೇಳು ಮಂದಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ತಗೊಂಡು ಮೀನುಗಾರಿಕೆ ಇಲಾಖೆಗೆ ಪರವಾನಗಿ ಮತ್ತು ವಿಮೆ ಅರ್ಜಿ ತುಂಬಿಸ್ತೀವಿ. ಫಾರಂ ತುಂಬಾಕ ಬರೋ ಹುಡುಗ ಹುಡುಗಿಯರು ನಾಲ್ಕೈದು ಮಂದಿ ಬೇಕು. ಅತ್ತಿಯ ಹಳೇ ಫೈಲನ್ನ ಮತ್ತೆ ತೆರೆಯಾಕ ಬರುತ್ತೋ ಇಲ್ಲೋ ಅಂತ ಹೇಳೋ ವಕೀಲರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬರ್ರಿ. ಆ ಕಾಗದದ ಕಾರ್ಬನ್ ಪ್ರತಿ ಅವರು ಇನ್ನೂ ಟ್ರಂಕಿನಾಗ ಇಟ್ಟಾರೆ.

ಅತ್ತಿಯೂ ಬರ್ತೀನಿ ಅಂದಾರೆ. ಟೇಪು ಇದ್ದವರು ತರ್ರಿ, ನೂರಡಿದು ಇದ್ದರೆ ಬಹಳ ಚಲೋ. ಚಪ್ಪಲಿ ಬ್ಯಾಡ, ಶೂ ಹಾಕ್ಕೊಂಡು ಬರ್ರಿ. ದಾರಿ ತುಂಬಾ ಬಳ್ಳಾರಿ ಜಾಲಿ ಬೆಳೆದೈತಿ.

ಜೈಭೀಮ್.